ಮುಂದಾಳುತನದ ಹೊಣೆ

'ಮುಂದಾಳು' ಎಂಬುದು ಅಚ್ಚಗನ್ನಡದ ಶಬ್ದ. 'ಮುಂದು', 'ಆಳು' ಎಂಬೆರಡು ಪದಗಳ ಸಮಾಸದಿಂದ ಇದು ನಿಷ್ಪನ್ನವಾಗಿದೆ. 'ಆಳು' ಎಂಬುದು ಕ್ರಿಯಾಪದವಾದಾಗ ಒಡೆತನ ನಡೆಸುವುದೆಂಬ ಅರ್ಥವನ್ನೂ, ನಾಮಪದವಾದಾಗ ಸೇವಕನೆಂಬ ಅರ್ಥವನ್ನೂ ಕೊಡುತ್ತದೆ. ಈ ಸಮಾಸದಲ್ಲಿರುವುದು ನಾಮಪದ. ಆದುದರಿಂದ ಮುಂದಾಳೆಂದರೆ ಎಲ್ಲರಿಗಿಂತ ಮುಂದೆ ನಿಂತು ದುಡಿಯುವ ಆಳೆಂದೇ ಅರ್ಥವಾಗುತ್ತದೆ. ಸಂಸ್ಕೃತದ 'ನಾಯಕ' ಶಬ್ದವೂ ಒಯ್ಯು, ಮುಟ್ಟಿಸು ಎಂಬರ್ಥದ 'ನೀ' ಧಾತುವಿನಿಂದ ಹುಟ್ಟಿದ್ದು. ತನ್ನವರನ್ನು ಗುರಿ ಮುಟ್ಟಿಸುವವನೇ ನಾಯಕನು. ತಾನೊಬ್ಬನೇ ಮುಟ್ಟಿದವನಿಗೆ ಆ ಹೆಸರು ಸಲ್ಲದು.

ಈ ಶಬ್ದಾರ್ಥಕ್ಕೆ ಲಕ್ಷ್ಯವಾಗಬಲ್ಲ ಒಂದು ಪ್ರಸಂಗ ನಮ್ಮ ದೇಶದ ಬಾಹ್ಯಾಕಾಶ ಸಂಶೋಧನೆಯ ಇತಿಹಾಸದಲ್ಲಿದೆ. 1979ರಲ್ಲಿ ಪ್ರೊ. ಸತೀಶ ಧವನ್ ಅವರು ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಬೆಂಗಳೂರಿನವರು ಟಾಟಾ ಇನ್‌ಸ್ಟಿಟ್ಯೂಟೆಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೂ ಅವರೇ ನಿರ್ದೇಶಕರಾಗಿದ್ದರು. ಎಸ್.ಎಲ್.ವಿ.-3 ಎಂಬ ನಾಲ್ಕು ಹಂತಗಳ, ಸುಮಾರು 17 ಟನ್ ತೂಕದ ಉಡಾವಣಾ ವಾಹನದ ಯೋಜನಾ ನಿರ್ದೇಶಕರಾಗಿದ್ದವರು ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರು.

1979ರ ಆಗಸ್ಟ್ 10ರಂದು ಶ್ರೀಹರಿಕೋಟೆಯಲ್ಲಿ ಉಡಾವಣೆಗೆ ಕೆಲವೇ ನಿಮಿಷಗಳಿದ್ದಾಗ ಗಣಕಯಂತ್ರವು ದೋಷವನ್ನು ಸೂಚಿಸಿ ತಡೆಯೊಡ್ಡಿತು. ಕಲಾಂ ಅವರು ತಜ್ಞರ ಅಭಿಪ್ರಾಯ ಕೇಳಿ ಮುಂದುವರಿಯಲು ನಿರ್ಧರಿಸಿದರು. ಮೊದಲ ಹಂತವು ಸರಿಯಾಗಿ ಉರಿಯಿತು. ಎರಡನೆಯ ಹಂತದಲ್ಲಿ ವಾಹನವು ಹಿಡಿತ ತಪ್ಪಿ ಬಂಗಾಳ ಕೊಲ್ಲಿಯ ಪಾಲಾಯಿತು. ವರ್ಷಗಟ್ಟಲೆ ಅನೇಕರು ಪಟ್ಟ ಶ್ರಮ ಕೆಲವೇ ನಿಮಿಷಗಳಲ್ಲಿ ನೀರುಪಾಲಾದಂತಾಯಿತು.

ಅಂದು ಪತ್ರಕರ್ತರ ಮುಂದೆ ಉತ್ತರ ಹೇಳಬೇಕಾಗಿತ್ತು. ನಿರ್ಧಾರ ಕೈಗೊಂಡವರು ಕಲಾಂ ಅವರಾದುದರಿಂದ ಅವರನ್ನೇ ಮುಂದೆ ನಿಲ್ಲಿಸಿದ್ದರೂ ಧವನ್ ಅವರನ್ನು ಆಕ್ಷೇಪಿಸುವವರಿರಲಿಲ್ಲ. ಆದರೆ ಧವನ್ ಅವರು ತಾವೇ ಮುಂದೆ ಬಂದು ವೈಫಲ್ಯದ ಹೊಣೆಯನ್ನು ಹೊತ್ತರು. ತಮ್ಮ ತಂಡದಲ್ಲಿ ತಮಗೆ ನಂಬಿಕೆಯಿದೆಯೆಂದೂ ಮುಂದಿನ ಬಾರಿ ಅದು ಗೆಲ್ಲುವುದೆಂದೂ ಸಾರಿದರು. 1980ರ ಜುಲೈ 18ರಂದು ಅದೇ ತಂಡವು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಆ ದಿನ ಧವನ್ ಅವರು ಪತ್ರಿಕಾಗೋಷ್ಠಿಯನ್ನು ನಡೆಸುವಂತೆ ಕಲಾಂ ಅವರಿಗೇ ಹೇಳಿ ತಾವು ಹಿಂದೆ ಸರಿದರು. ಕಲಾಂ ಅವರು ಮುಂದೆ ರಾಷ್ಟ್ರಪತಿಗಳಾದ ಮೇಲೂ ಈ ಸಂಗತಿಯನ್ನು ಅನೇಕ ಸಭೆಗಳಲ್ಲಿ ಕೃತಜ್ಞತೆಯಿಂದ ನೆನೆದರು.

ಇಲ್ಲಿ ಒಂದು ಶಂಕೆ ಏಳಬಹುದು. ತಪ್ಪುಗಳನ್ನೆಲ್ಲ ಮುಂದಾಳೇ ಹೊತ್ತುಕೊಂಡರೆ ಕೆಲಸಗಾರರಲ್ಲಿ ಔದಾಸೀನ್ಯ ಬೆಳೆಯದೆ? ಈ ಶಂಕೆಗೆ ಸಮಾಧಾನವು ಆ ಎರಡು ದಿನಗಳ ನಡುವಣ ಅವಧಿಯಲ್ಲಿದೆ. ಹೊರಗಿನವರ ಎದುರಿಗೆ ತಂಡವನ್ನು ರಕ್ಷಿಸಿದರೇ ಹೊರತು, ಒಳಗೆ ತಪ್ಪನ್ನು ಮುಚ್ಚಿಡಲಿಲ್ಲ. ವಿಜ್ಞಾನಿಗಳು ಸೇರಿ ಕೂಲಂಕಷವಾಗಿ ವಿಚಾರಿಸಿ, ಕವಾಟವೊಂದರ ದೋಷದಿಂದ ಎರಡನೆಯ ಹಂತದ ನಿಯಂತ್ರಣಕ್ಕೆ ಬೇಕಾದ ನೈಟ್ರಿಕ್ ಆಮ್ಲವು ಸೋರಿಹೋದದ್ದೇ ಪತನಕ್ಕೆ ಕಾರಣವೆಂದು ಕಂಡುಹಿಡಿದರು. ಕಲಾಂ ಅವರು ತಮ್ಮ ಲೋಪವನ್ನು ಸಭೆಯಲ್ಲಿ ತಾವೇ ಒಪ್ಪಿಕೊಂಡರು. ದಂಡನೆಯ ಭಯವಿರುವಲ್ಲಿ ಜನರು ತಪ್ಪನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟ ತಪ್ಪು ಮರುಕಳಿಸುತ್ತದೆ. ಹೀಗೆ ಹೊರಗೆ ನಿಂದೆಯನ್ನು ಹೊರುವುದು, ಒಳಗೆ ದೋಷವನ್ನು ಶೋಧಿಸುವುದು, ಫಲ ದೊರೆತಾಗ ಕೀರ್ತಿಯನ್ನು ದುಡಿದವರಿಗೆ ಒಪ್ಪಿಸುವುದು ಎಂಬ ಮೂರೂ ಸೇರಿದರೇ ಮುಂದಾಳಿನ ಹೊಣೆ ಪೂರ್ಣವಾಗುತ್ತದೆ. ಇವುಗಳಲ್ಲಿ ನಡುವಣದನ್ನು ಬಿಟ್ಟರೆ ಉಳಿಯುವುದು ಬರಿಯ ದಾಕ್ಷಿಣ್ಯ. ಮೊದಲನೆಯದನ್ನು ಬಿಟ್ಟರೆ ಉಳಿಯುವುದು ಬರಿಯ ದಂಡಾಧಿಕಾರ.

ವಿದ್ಯಾಸಂಸ್ಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಪರೀಕ್ಷೆಯ ಫಲಿತಾಂಶ ಇಳಿದ ವರ್ಷ ಪಾಲಕರ ಸಭೆಯಲ್ಲಿ ಗಣಿತದ ಶಿಕ್ಷಕರತ್ತ ಬೆರಳು ತೋರುವುದು ಸುಲಭ. ಅಂದು ಮುಖ್ಯೋಪಾಧ್ಯಾಯರು ತಾವೇ ಎದ್ದು ಉತ್ತರ ಹೇಳಬೇಕು. ಮರುದಿನ ಕೊಠಡಿಯ ಬಾಗಿಲು ಹಾಕಿಕೊಂಡು ಆ ಶಿಕ್ಷಕರೊಡನೆ ಕುಳಿತು, ಮಕ್ಕಳು ಎಡವಿದ್ದು ಯಾವ ಪಾಠದಲ್ಲಿ, ಯಾವ ತರಗತಿಯಿಂದ ಎಂಬುದನ್ನು ಉತ್ತರಪತ್ರಿಕೆಗಳನ್ನಿಟ್ಟುಕೊಂಡು ಶೋಧಿಸಬೇಕು. ಫಲಿತಾಂಶ ಏರಿದ ವರ್ಷ ಅದೇ ಶಿಕ್ಷಕರನ್ನು ವೇದಿಕೆಗೆ ಕರೆದು, ತಾವು ಸಭಿಕರ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಬೇಕು.