ಬಿಚ್ಚದ ಬೋಲ್ಟ್, ಬಿಡದ ಬ್ರೇಕ್: ಗ್ಯಾರೇಜಿನಲ್ಲಿ ನಮ್ಮ ಪಾಠಗಳು



ಮಳೆಗಾಲದಲ್ಲಿ ಕೆಲವು ವಾರ ನಿಂತಲ್ಲೇ ನಿಂತ ಕಾರನ್ನು ಹೊರಡಿಸಲು ಹೋದರೆ ಕೆಲವೊಮ್ಮೆ ಹಿಂದಿನ ಚಕ್ರ ತಿರುಗುವುದೇ ಇಲ್ಲ. ಹ್ಯಾಂಡ್ ಬ್ರೇಕ್ ಇಳಿಸಿದರೂ ಬ್ರೇಕ್ ಬಿಟ್ಟಿರುವುದಿಲ್ಲ. ಚಕ್ರ ಬಿಚ್ಚಿ ನೋಡೋಣವೆಂದರೆ ನಟ್ಟುಗಳೂ ಜಗ್ಗುವುದಿಲ್ಲ. ನಮ್ಮ ಮೇಡ್ಲೇರಿ, ರಾಣೇಬೆನ್ನೂರು ಕಡೆಯ ಎರೆಮಣ್ಣು ಹಸಿಯಾದಾಗ ಚಕ್ರದ ಒಳಬದಿಗೆ ಮೆತ್ತಿಕೊಂಡು ಬಹಳ ಹೊತ್ತು ತೇವ ಹಿಡಿದಿಡುತ್ತದೆ. ಆದ್ದರಿಂದ ಇಲ್ಲಿ ಇಂಥ ತೊಂದರೆ ಹೊಸದಲ್ಲ. ಅವಸರದವರು ಮೊದಲು ಸುತ್ತಿಗೆ ಎತ್ತಿಕೊಳ್ಳುತ್ತಾರೆ. ಅನುಭವಿ ಮೇಸ್ತ್ರಿ ಮಾತ್ರ ಮೊದಲು ‘ಇದು ಯಾಕೆ ಕಚ್ಚಿಕೊಂಡಿದೆ?’ ಎಂದು ನೋಡುತ್ತಾನೆ. ಆ ಪ್ರಶ್ನೆಗೆ ಉತ್ತರ ನಿಮ್ಮ ಪಿಯುಸಿ ವಿಜ್ಞಾನ ಪುಸ್ತಕಗಳಲ್ಲಿಯೇ ಇದೆ.

1. ಕಚ್ಚಿಕೊಳ್ಳುವುದು ಏಕೆ?

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ವಿದ್ಯುತ್ ರಸಾಯನ ಪಾಠದಲ್ಲಿ ಲೋಹಗಳ ಸವೆತವನ್ನು ಓದುತ್ತೀರಿ. ಕಬ್ಬಿಣ, ನೀರು ಮತ್ತು ಆಮ್ಲಜನಕ ಸೇರಿದಾಗ ತುಕ್ಕು ಉಂಟಾಗುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಕರಗಿಹೋದ ಕಬ್ಬಿಣಕ್ಕಿಂತ ಅದರಿಂದಾದ ತುಕ್ಕು ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಬೋಲ್ಟಿನ ಎಳೆಗಳ ನಡುವೆ ಅಷ್ಟು ಜಾಗ ಇಲ್ಲ. ಹಾಗಾಗಿ ತುಕ್ಕು ಎರಡೂ ಬದಿಗೆ ಒತ್ತಿ, ಬೆಣೆಯಂತೆ ಬಿಗಿಯುತ್ತದೆ. ಅಂದರೆ ನಾವು ಬಿಡಿಸಬೇಕಾದದ್ದು ಬೋಲ್ಟನ್ನಲ್ಲ, ತುಕ್ಕಿನ ಹಿಡಿತವನ್ನು.

2. ಎಣ್ಣೆ ಮತ್ತು ತಾಳ್ಮೆ

ಮೊದಲು ತಂತಿ ಬ್ರಷ್‌ನಿಂದ ಮಣ್ಣು, ತುಕ್ಕು ಉಜ್ಜಿ ತೆಗೆಯಬೇಕು. ನಂತರ ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಎಳೆಗಳಿಗೆ ಬಿಡಬೇಕು. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವಂತೆಯೇ ಇದು ಕೇಶಾಕರ್ಷಣೆಯಿಂದ ಸಣ್ಣ ಸಂದುಗಳಲ್ಲಿ ಇಳಿಯುತ್ತದೆ. ದಪ್ಪ ಎಣ್ಣೆಗೆ ಸ್ನಿಗ್ಧತೆ ಹೆಚ್ಚು, ಅದು ಅಷ್ಟು ಬೇಗ ಒಳಗೆ ಹೋಗದು. ಎಣ್ಣೆ ಬಿಟ್ಟ ತಕ್ಷಣ ಜಗ್ಗಿದರೆ ಫಲವಿಲ್ಲ. ಕೆಲವು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ಬಿಡಿ. ನಡುವೆ ಬೋಲ್ಟಿನ ತಲೆಯ ಮೇಲೆ ಹಗುರವಾಗಿ ತಟ್ಟಿದರೆ ತುಕ್ಕಿನ ಪದರ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ‘ತಾಳಿದವನು ಬಾಳಿಯಾನು’ ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ.

3. ಉದ್ದದ ಪಾನಾ: ಉಪಕಾರವೋ, ಅಪಾಯವೋ?

ಟಾರ್ಕ್ ಎಂದರೆ ಬಲ ಮತ್ತು ಲಂಬ ದೂರದ ಗುಣಲಬ್ಧ. 20 ಸೆಂ.ಮೀ. ಪಾನಾದ ತುದಿಯಲ್ಲಿ 250 ನ್ಯೂಟನ್ ಬಲ ಹಾಕಿದರೆ 50 ನ್ಯೂಟನ್ ಮೀಟರ್ ಟಾರ್ಕ್ ಸಿಗುತ್ತದೆ. ಪೈಪು ತೊಡಿಸಿ ಉದ್ದವನ್ನು 60 ಸೆಂ.ಮೀ. ಮಾಡಿದರೆ ಅದೇ ಕೈ 150 ನ್ಯೂಟನ್ ಮೀಟರ್ ಕೊಡುತ್ತದೆ. ದಪ್ಪ ಬೋಲ್ಟಿಗೆ ಇದು ಅನುಕೂಲ. 10 ಮಿ.ಮೀ. ಬೋಲ್ಟಿಗೆ ಇಷ್ಟು ಹಾಕಿದರೆ ತಲೆಯೇ ಮುರಿದು ಕೈಗೆ ಬರಬಹುದು. ಆಮೇಲೆ ಉಳಿದ ತುಂಡನ್ನು ಡ್ರಿಲ್ ಹಾಕಿ ತೆಗೆಯುವುದು ಹತ್ತು ಪಟ್ಟು ಕಷ್ಟ.

ಪಾನಾ ಸರಿಯಾದ ಅಳತೆಯದಿರಲಿ. ಆರು ಮೂಲೆಯ ಸಾಕೆಟ್ ಬೋಲ್ಟಿನ ಆರೂ ಮುಖಗಳನ್ನು ಚೆನ್ನಾಗಿ ಹಿಡಿಯುತ್ತದೆ. ಸಡಿಲ ಪಾನಾ ಮೂಲೆಗಳನ್ನು ಸವೆಸಿ ದುಂಡಗೆ ಮಾಡುತ್ತದೆ. ಬಿಚ್ಚುವ ಮೊದಲು ಬಿಗಿಯುವ ದಿಕ್ಕಿಗೆ ತುಸು ತಿರುಗಿಸಿ ನೋಡುವುದು ಮೇಸ್ತ್ರಿಗಳ ಹಳೆಯ ಉಪಾಯ. ಅಲ್ಲಿ ಹಿಡಿತ ತಪ್ಪಿದರೆ ಹಿಂದಕ್ಕೆ ಬರುವುದು ಸುಲಭ. ನಂತರ ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿದು, ಎಣ್ಣೆ ಬಿಡುತ್ತಾ ಹೊರತೆಗೆಯಬೇಕು.

4. ಶಾಖದ ಸಹಾಯ

ಇಷ್ಟಕ್ಕೂ ಬಗ್ಗದಿದ್ದರೆ ಶಾಖ. ಬೋಲ್ಟನ್ನಲ್ಲ, ಅದನ್ನು ಸುತ್ತಿಕೊಂಡಿರುವ ನಟ್ಟನ್ನು ಕಾಯಿಸಬೇಕು. ಕಾದ ಲೋಹದಲ್ಲಿ ರಂಧ್ರವೂ ಹಿಗ್ಗುತ್ತದೆ. ಉಕ್ಕಿನ ರೇಖೀಯ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.000012. 12 ಮಿ.ಮೀ. ರಂಧ್ರದ ನಟ್ಟನ್ನು 300 ಡಿಗ್ರಿಯಷ್ಟು ಹೆಚ್ಚು ಕಾಯಿಸಿದರೆ ರಂಧ್ರ ಸುಮಾರು 0.043 ಮಿ.ಮೀ. ಹಿಗ್ಗುತ್ತದೆ. ಇದು ತಲೆಗೂದಲಿನ ದಪ್ಪದಷ್ಟೂ ಇಲ್ಲ, ಆದರೂ ತುಕ್ಕಿನ ಹಿಡಿತ ಸಡಿಲಲು ಹಲವು ಬಾರಿ ಇಷ್ಟೇ ಸಾಕು. ರಬ್ಬರ್, ಬ್ರೇಕ್ ಆಯಿಲ್ ಮತ್ತು ಇಂಧನದ ಪೈಪುಗಳ ಹತ್ತಿರ ಬೆಂಕಿ ಬೇಡವೇ ಬೇಡ. ಈ ಕೆಲಸ ತಿಳಿದವರದ್ದು.

5. ಬ್ರೇಕಿನ ವಿಷಯ ಬೇರೆ

ಪೆಡಲ್ ಒತ್ತಿದಾಗ ದ್ರವದ ಒತ್ತಡ ಪಾಸ್ಕಲ್ ನಿಯಮದಂತೆ ನಾಲ್ಕೂ ಚಕ್ರಗಳ ಬ್ರೇಕಿಗೆ ತಲುಪುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಕ್ಯಾಲಿಪರ್‌ನೊಳಗಿನ ಪಿಸ್ಟನ್ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಮೇಲಿನ ರಬ್ಬರ್ ಹೊದಿಕೆ ಹರಿದರೆ ನೀರು ಒಳಹೊಕ್ಕು ಪಿಸ್ಟನ್, ಜಾರುವ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಆಗ ಬ್ರೇಕ್ ಹಿಡಿದದ್ದು ಬಿಡುವುದಿಲ್ಲ. ಕಾರು ಒಂದು ಬದಿಗೆ ಎಳೆಯುವುದು, ಒಂದೇ ಚಕ್ರ ವಿಪರೀತ ಬಿಸಿಯಾಗುವುದು, ಸುಟ್ಟ ವಾಸನೆ, ಒಂದು ಪ್ಯಾಡ್ ಮಾತ್ರ ಬೇಗ ಸವೆಯುವುದು ಇದರ ಲಕ್ಷಣಗಳು. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಇದರಿಂದ ಒಳಗಿನಿಂದಲೂ ತುಕ್ಕು ಬರುತ್ತದೆ. ಆದ್ದರಿಂದಲೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲು ಹೇಳುತ್ತಾರೆ.

ಹಿಂದಿನ ಡ್ರಮ್ ಕಚ್ಚಿಕೊಂಡಿದ್ದರೆ ಸುತ್ತಿಗೆಯ ಏಟು ಅದನ್ನು ಒಡೆಯಬಹುದು. ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಅನೇಕ ಡ್ರಮ್ಮುಗಳಲ್ಲಿ ಎಳೆಯಿರುವ ಎರಡು ಸಣ್ಣ ರಂಧ್ರಗಳಿರುತ್ತವೆ. ಅವುಗಳಿಗೆ ಹೊಂದುವ ಬೋಲ್ಟುಗಳನ್ನು ಹಾಕಿ ಒಂದರ ನಂತರ ಒಂದರಂತೆ ಸಮನಾಗಿ ಬಿಗಿದರೆ ಡ್ರಮ್ ತಾನಾಗಿ ಹೊರಬರುತ್ತದೆ. ಇದು ಸ್ಕ್ರೂ ಜಾಕಿನ ತತ್ವವೇ.

6. ಮರೆಯಬಾರದ ಎಚ್ಚರಿಕೆಗಳು

• ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಮೊದಲು ಸಡಿಲಿಸಿ.
• ಕೇವಲ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಗಟ್ಟಿ ನೆಲದಲ್ಲಿ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಇಡಿ.
• ಎಣ್ಣೆಯ ಒಂದು ಹನಿಯೂ ಪ್ಯಾಡ್, ಶೂ, ಡಿಸ್ಕಿಗೆ ತಾಗಬಾರದು. ಘರ್ಷಣೆ ಇಲ್ಲವಾದರೆ ಬ್ರೇಕೇ ಇಲ್ಲ.
• ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ, ಅದು ಶ್ವಾಸಕೋಶಕ್ಕೆ ಹಾನಿಕರ.
• ದುರಸ್ತಿಯ ನಂತರ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಿ.

ಬ್ರೇಕಿನ ಕೆಲಸ ಕಲಿಯುವವರು ಬಲ್ಲ ಮೇಸ್ತ್ರಿಯ ಪಕ್ಕದಲ್ಲಿ ನಿಂತೇ ಕಲಿಯಬೇಕು. ಇಲ್ಲಿ ತಪ್ಪಾದರೆ ಅದರ ಬೆಲೆ ತೆರುವವರು ಕಾರಿನಲ್ಲಿರುವವರು ಮಾತ್ರವಲ್ಲ, ರಸ್ತೆ ದಾಟುತ್ತಿರುವವರೂ ಹೌದು.

ನೀವೇ ಲೆಕ್ಕ ಮಾಡಿ

ಅ) ಅಲ್ಯೂಮಿನಿಯಂನ ಗುಣಾಂಕ ಸುಮಾರು 0.000023. ಅದರಲ್ಲಿನ 12 ಮಿ.ಮೀ. ರಂಧ್ರವನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೆ ಎಷ್ಟು ಹಿಗ್ಗುತ್ತದೆ?
ಆ) 100 ನ್ಯೂಟನ್ ಮೀಟರ್ ಟಾರ್ಕ್ ಬೇಕು. ಪಾನಾ 40 ಸೆಂ.ಮೀ. ಉದ್ದವಿದ್ದರೆ ಎಷ್ಟು ಬಲ ಹಾಕಬೇಕು?

ಉತ್ತರ: ಅ) ಸುಮಾರು 0.028 ಮಿ.ಮೀ. ಆ) 250 ನ್ಯೂಟನ್.