ಪರಿಸರ ವಿಜ್ಞಾನದ ಪದವಿ: ಊರ ಕೆರೆಯಿಂದ ಆರಂಭಿಸಿ

ನಿಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಪರಿಸರ ವಿಜ್ಞಾನವನ್ನು ಹೊಸದಾಗಿ ಸೇರಿಸುವುದೆಂದು ತೀರ್ಮಾನವಾಗಿ, ಪಠ್ಯಕ್ರಮದ ಕರಡು ಬರೆಯುವ ಹೊಣೆ ನಿಮ್ಮ ಮೇಲೆ ಬಿದ್ದಿದೆ ಎಂದುಕೊಳ್ಳಿ. ನೀವು ಓದಿದ್ದು ರಸಾಯನಶಾಸ್ತ್ರವೋ ಸಸ್ಯಶಾಸ್ತ್ರವೋ ಆಗಿರುತ್ತದೆ. ಇಂಥ ಕೆಲಸಕ್ಕೆ ಮೊದಲ ಸಲ ಕೈಹಾಕುತ್ತಿರುವ ಅಧ್ಯಾಪಕರಿಗಾಗಿ ಈ ಮಾತುಗಳು.

ಎಲ್ಲ ಪದವಿ ವಿದ್ಯಾರ್ಥಿಗಳೂ ಓದುವ ಪರಿಸರ ಅಧ್ಯಯನದ ಕಡ್ಡಾಯ ಪತ್ರಿಕೆಯೇ ಬೇರೆ, ಪರಿಸರ ವಿಜ್ಞಾನದ ಪದವಿಯೇ ಬೇರೆ. ಕಡ್ಡಾಯ ಪತ್ರಿಕೆಯ ಬೇರು ಇರುವುದು ವಕೀಲ ಎಂ.ಸಿ. ಮೆಹ್ತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ಆದೇಶದಲ್ಲಿ. ಮುಂದೆ ಯುಜಿಸಿ ಅದಕ್ಕೆ ಆರು ತಿಂಗಳ ಪಠ್ಯಕ್ರಮ ರೂಪಿಸಿತು: 8 ಘಟಕ, 50 ತರಗತಿ. ಅದರಲ್ಲಿ ಹೊರಗೆ ಹೋಗಿ ನೋಡಲು ಸಿಕ್ಕಿದ್ದು 5 ತರಗತಿ. ಬಿ.ಕಾಂ. ಓದುವವರಿಗೂ ತಿಳಿವಳಿಕೆ ಬರಲಿ ಎಂಬ ಉದ್ದೇಶಕ್ಕೆ ಅದು ಸರಿಯೇ. ಆದರೆ ಅದನ್ನೇ ಹಿಗ್ಗಿಸಿ ಆರು ಸೆಮಿಸ್ಟರ್‌ಗೆ ಹರಡಿದರೆ ಪದವಿಯಾಗದು. ಪದವಿ ಮುಗಿಸಿದ ಹುಡುಗಿ ನೀರನ್ನೋ ಗಾಳಿಯನ್ನೋ ತಾನೇ ಅಳೆಯಬೇಕು, ಬಂದ ಅಂಕಿಯನ್ನು ನಂಬಬಹುದೇ ಎಂದು ಹೇಳಬೇಕು, ಅದರಿಂದ ಯಾರಿಗೆ ಏನಾಗುತ್ತದೆಂದು ವಿವರಿಸಬೇಕು.

ಹೊಸಬರು ಸಾಮಾನ್ಯವಾಗಿ ಹಿಡಿಯುವ ದಾರಿಯೆಂದರೆ ರಸಾಯನದಿಂದ ಎರಡು ಅಧ್ಯಾಯ, ಪ್ರಾಣಿಶಾಸ್ತ್ರದಿಂದ ಒಂದು, ಭೂಗೋಳದಿಂದ ಇನ್ನೊಂದು ತಂದು ಜೋಡಿಸುವುದು. ಇಂಥ ತೇಪೆಯಲ್ಲಿ ಒಂದು ಪಾಠಕ್ಕೂ ಇನ್ನೊಂದಕ್ಕೂ ನಂಟು ಕಾಣುವುದಿಲ್ಲ. ನನ್ನ ಸಲಹೆ ಇಷ್ಟೇ: ವಿಷಯಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಂದು ಜಾಗವನ್ನು ಆರಿಸಿಕೊಳ್ಳಿ.

ಬೆಂಗಳೂರಿನ ಬೆಳ್ಳಂದೂರು ಕೆರೆ ನಿಮಗೆ ಗೊತ್ತು. 2015ರಲ್ಲಿ ಅದರ ಕೋಡಿಯ ನೊರೆ ರಸ್ತೆಗೆ ಹಾರಿತು, ಅದೇ ವರ್ಷ ಕೆರೆಯಲ್ಲಿ ಬೆಂಕಿಯೂ ಕಾಣಿಸಿತು. 2017 ಮತ್ತು 2018ರಲ್ಲಿ ಮತ್ತೆ ಬೆಂಕಿ. ನೊರೆ ಏಕೆ ಎಂದು ಕೇಳಿದರೆ ಬಟ್ಟೆ ಒಗೆಯುವ ಪುಡಿಯ ರಸಾಯನಕ್ಕೆ ಹೋಗಬೇಕು. ಅದು ಕೋಡಿಯ ಬಳಿಯೇ ಏಕೆ ಉಕ್ಕುತ್ತದೆಂದರೆ, ಬೀಳುವ ನೀರಿಗೆ ಗಾಳಿ ಬೆರೆಯುವ ಬಗೆಯನ್ನು ತಿಳಿಯಬೇಕು. ಮಳೆ ಬಂದಾಗ ನೊರೆ ಹೆಚ್ಚುವುದನ್ನು ಗಮನಿಸಿದರೆ ತಳದ ಹೂಳಿನಲ್ಲಿ ಏನೇನು ಕೂತಿದೆ ಎಂಬ ಪ್ರಶ್ನೆ ಏಳುತ್ತದೆ. ಕೆರೆಯನ್ನು ಮುಚ್ಚುವ ಕಳೆಗೆ ಗೊಬ್ಬರ ಎಲ್ಲಿಂದ? ಚರಂಡಿ ನೀರಿನ ಸಾರಜನಕ, ರಂಜಕದಿಂದ. ಆ ಚರಂಡಿ ನೀರು ಇಲ್ಲಿಗೆ ಬಂದದ್ದು ಹೇಗೆ? ಇಲ್ಲಿ ರಾಜಕಾಲುವೆಗಳ ನಕ್ಷೆ, ಕೆರೆ ಸರಪಳಿಯ ಇತಿಹಾಸ, ನಗರ ಬೆಳೆದ ರೀತಿ ಬೇಕು. ಈ ಕೆರೆಯ ಬಗ್ಗೆ ಹಸಿರು ನ್ಯಾಯಮಂಡಳಿ ನಡೆಸಿದ ವಿಚಾರಣೆ ಕಾನೂನಿನ ಪಾಠ. ಈ ಕೆರೆ ಇರುವ ಕಣಿವೆಯ ಸಂಸ್ಕರಿಸಿದ ಚರಂಡಿ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎಷ್ಟು ಹಂತ ಶುದ್ಧಿ ಮಾಡಿದರೆ ಸಾಕು ಎಂಬ ವಾದವನ್ನು ತರಗತಿಯಲ್ಲೇ ಬಿಚ್ಚಿಡಬಹುದು. ಒಂದು ಕೆರೆಯ ಬೆನ್ನು ಹತ್ತಿದರೆ ಆರು ಸೆಮಿಸ್ಟರ್‌ಗೆ ಬೇಕಾದ ವಿಷಯವೆಲ್ಲ ತಾನಾಗಿ ಬರುತ್ತದೆ, ಬಂದ ಕಾರಣವೂ ವಿದ್ಯಾರ್ಥಿಗೆ ಗೊತ್ತಿರುತ್ತದೆ. ಬೆಳ್ಳಂದೂರೇ ಆಗಬೇಕಿಲ್ಲ. ನಿಮ್ಮ ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರದ ಕೆರೆ, ಹಳ್ಳ, ಗೋಮಾಳ, ಗಣಿಯ ಗುಂಡಿ ಯಾವುದಾದರೂ ಆದೀತು.

ಇನ್ನು ವೇಳಾಪಟ್ಟಿ. ಕರಡು ಬರೆಯುವವರು ಇದನ್ನು ಆಫೀಸಿನ ಕೆಲಸವೆಂದು ಬಿಟ್ಟುಬಿಡುತ್ತಾರೆ, ಬಿಡಬಾರದು. ನೀರಿನ ಮಾಲಿನ್ಯ ಅಳೆಯುವ ಮುಖ್ಯ ಪರೀಕ್ಷೆ ಬಿಓಡಿಯನ್ನೇ ನೋಡಿ. ಕೊಳಕನ್ನು ತಿನ್ನುವ ಸೂಕ್ಷ್ಮಜೀವಿಗಳು ಎಷ್ಟು ಆಮ್ಲಜನಕ ಬಳಸಿದವು ಎಂಬ ಲೆಕ್ಕ ಅದು. ನಮ್ಮ ದೇಶದಲ್ಲಿ ರೂಢಿಯಲ್ಲಿರುವ ವಿಧಾನದಲ್ಲಿ ಮಾದರಿಯನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಡುತ್ತೇವೆ. ಹೊರದೇಶದ ಪುಸ್ತಕಗಳಲ್ಲಿ 20 ಡಿಗ್ರಿ, 5 ದಿನ. ಪ್ರಾಕ್ಟಿಕಲ್ಸ್ ಗುರುವಾರ ಇಟ್ಟರೆ ಎರಡನೇ ಅಳತೆ ಭಾನುವಾರಕ್ಕೆ ಬೀಳುತ್ತದೆ. ಆಗ ನಡೆಯುವುದೇನು? ಅಟೆಂಡರ್ ಬಂದು ಓದಿಡುತ್ತಾರೆ, ಇಲ್ಲವೇ ಹಳೆಯ ರೆಕಾರ್ಡಿನಿಂದ ಅಂಕಿ ಇಳಿಯುತ್ತದೆ. ವಿಜ್ಞಾನ ಕಲಿಯುವ ಮಗು ಅಂಕಿ ಕದಿಯುವುದನ್ನು ಕಲಿಯಬಾರದು. ಸೋಮವಾರ ಮಾದರಿ ತಂದು ಗುರುವಾರ ಅಳೆಯುವಂತೆ ಎರಡು ಅವಧಿಗಳನ್ನು ಕರಡಿನಲ್ಲೇ ಬರೆಯಿರಿ. ಕರಗಿದ ಆಮ್ಲಜನಕಕ್ಕಂತೂ ದಡದಲ್ಲೇ ಬಾಟಲಿಗೆ ರಾಸಾಯನಿಕ ಹಾಕಬೇಕು. ಕಂದು ಗಸಿ ಕೂತರೆ ಆಮ್ಲಜನಕ ಇದೆ, ಬೆಳ್ಳಗೇ ಉಳಿದರೆ ಇಲ್ಲ. ಆ ಬಣ್ಣ ನೋಡಿದ ಮೇಲೆ, ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 5 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು, ಬಿಓಡಿ 3 ಮಿಲಿಗ್ರಾಂ ಮೀರಬಾರದು ಎಂಬ ಮಾನದಂಡವನ್ನು ಬಾಯಿಪಾಠ ಮಾಡಿಸಬೇಕಾಗುವುದಿಲ್ಲ.

ಸಲಕರಣೆಗೆ ಹೆದರಬೇಡಿ. ನೀರಿನ ತಿಳಿ ನೋಡಲು ಕಪ್ಪು ಬಿಳುಪು ಬಳಿದ 20 ಸೆಂ.ಮೀ. ತಟ್ಟೆ, ಒಂದು ಹಗ್ಗ ಸಾಕು. ನಕ್ಷೆಗೆ ಕ್ಯೂಜಿಐಎಸ್ ತಂತ್ರಾಂಶ ಉಚಿತ, ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಸ್ಪಷ್ಟತೆಯ ಚಿತ್ರಗಳೂ ಉಚಿತ. ಹಣವಿದ್ದರೆ ಮೊದಲು ಇನ್‌ಕ್ಯುಬೇಟರ್ ಕೊಳ್ಳಿ. ಉದ್ಘಾಟನೆಯ ದಿನ ತೋರಿಸುವ ದುಬಾರಿ ಯಂತ್ರ ಆಮೇಲೆ ಬರಲಿ. ಸಂಖ್ಯಾಶಾಸ್ತ್ರವನ್ನು ಮಾತ್ರ ಮೂರನೇ ವರ್ಷಕ್ಕೆ ತಳ್ಳಬೇಡಿ. ಒಂದೇ ಜಾಗದ ಹತ್ತು ಬಾಟಲಿಗಳಲ್ಲಿ ಹತ್ತು ಅಂಕಿ ಬಂದ ದಿನವೇ ಅದರ ಪಾಠ ಆಗಬೇಕು.

ಪ್ರತಿ ತಂಡವೂ ಅದೇ ಕೆರೆಗೆ, ಅದೇ ತಿಂಗಳಿಗೆ ಹೋಗಲಿ. ವರ್ಷ ಕಳೆದಂತೆ ಕಾಲೇಜಿನ ಕೈಯಲ್ಲಿ ಬೇರೆ ಯಾರ ಬಳಿಯೂ ಇಲ್ಲದ ದಾಖಲೆ ಬೆಳೆಯುತ್ತದೆ. ಪದವಿ ಕಾಲೇಜಿನವರಿಂದ ಇದು ಆಗುವುದೇ ಎನ್ನುವವರಿಗೆ ಉತ್ತರ ನಮ್ಮಲ್ಲೇ ಇದೆ: 1990ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ಮುಂದಾಳತ್ವದಲ್ಲಿ ಪಶ್ಚಿಮಘಟ್ಟದ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ತಮ್ಮ ಸುತ್ತಲಿನ ಜೀವವೈವಿಧ್ಯವನ್ನು ದಾಖಲಿಸಿದರು.

ಪಾಠ ಮಾಡಲು ಜನ ಸಾಲದು ಎಂಬುದು ನಿಜವಾದ ಕಷ್ಟ. ಕಾನೂನಿನ ಭಾಗಕ್ಕೆ ರಾಜ್ಯಶಾಸ್ತ್ರದವರನ್ನು, ಖರ್ಚು-ಲಾಭದ ಲೆಕ್ಕಕ್ಕೆ ಅರ್ಥಶಾಸ್ತ್ರದವರನ್ನು ಕೇಳಿಕೊಳ್ಳಿ, ಅವರ ಕಾರ್ಯಭಾರದಲ್ಲಿ ಆ ಗಂಟೆಗಳನ್ನು ಸೇರಿಸಿಕೊಡಿ. ಊರಿನ ಹಳೆಯ ನೀರಗಂಟಿ ಇದ್ದರೆ ಕರೆಸಿ: ತೂಬು ಯಾವಾಗ ಎತ್ತುತ್ತಿದ್ದರು, ಅಚ್ಚುಕಟ್ಟಿನ ಯಾವ ಗದ್ದೆಗೆ ಮೊದಲು ನೀರು ಬಿಡುತ್ತಿದ್ದರು ಎಂಬುದನ್ನು ಅವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ.

ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟಿಗೆ 2002ರ ಜೀವವೈವಿಧ್ಯ ಕಾಯ್ದೆ ಒಳ್ಳೆಯ ಅವಕಾಶ ಕೊಟ್ಟಿದೆ. ಅದರಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ನಿಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆ ದಾಖಲಾತಿಗೆ ಸೇರುವಂತಿರಲಿ. ವರದಿಯನ್ನು ಕನ್ನಡದಲ್ಲೇ ಬರೆಸಿ ಪಂಚಾಯಿತಿಯಲ್ಲಿ ಓದಿಸಿ. ಅದಕ್ಕೆ ಎಷ್ಟು ಅಂಕ ಎಂಬುದನ್ನು ಈಗಲೇ ಕರಡಿನಲ್ಲಿ ನಮೂದಿಸಿ.