ಸ್ವಾರಗೇಟಿನಲ್ಲಿರುವ ಮಗಳಿಗೆ

ಅಕ್ಕಲಕೋಟ

ಪ್ರೀತಿಯ ಮಗಳೇ,

ಡಿ.ಎಡ್. ಮುಗಿಸಿ ನಮ್ಮ ತಾಲೂಕಿನ ಕನ್ನಡ ಶಾಲೆಗೇ ಬರುವೆನೆಂದು ಬರೆದಿದ್ದೀಯ, ಓದಿ ಎದೆ ತುಂಬಿತು. ‘ಒಂದನೇ ಇಯತ್ತೆಗೆ ಅಕ್ಷರ ಕಲಿಸಲು ನಾನು ಕಲಿಯುವುದೇನಿದೆ ದೊಡ್ಡಪ್ಪಾ’ ಎಂದು ಕೇಳಿದೆಯಲ್ಲ, ಅದಕ್ಕೇ ಈ ಕಾಗದ.

ನಿಮ್ಮ ಪುಣೆಯ ಸ್ವಾರಗೇಟ ಬಸ್‌ಸ್ಟ್ಯಾಂಡಿನ ಮರಾಠಿ ಫಲಕ ನೋಡು. ರ, ಟ ಎರಡೂ ಪೂರ್ಣಾಕ್ಷರ. ಜನ ಓದುವುದು ಮಾತ್ರ ‘ಸ್ವಾರ್‌ಗೇಟ್’. ಮರಾಠಿಯಲ್ಲಿ ಬರೆದ ಅಕಾರ ಎಷ್ಟೋ ಕಡೆ ಬಾಯಿಗೆ ಬರುವುದಿಲ್ಲ. ಕನ್ನಡದಲ್ಲಿ ‘ಅರಸ’ ಎಂದು ಬರೆದರೆ ಕೊನೆಯ ಅಕಾರವನ್ನೂ ನುಡಿಯಬೇಕು. ನಮ್ಮ ಗಡಿಯ ಮಗು ಎರಡೂ ಲಿಪಿಗಳ ನಡುವೆ ಬೆಳೆಯುತ್ತದೆ. ‘ಅರಸ್’ ಎಂದು ಓದಿದರೆ ಅದು ದಡ್ಡತನವಲ್ಲ, ಮರಾಠಿಯ ರೂಢಿ. ಮರಾಠಿಯಲ್ಲಿ ಎ, ಏ ಎರಡಕ್ಕೂ ಒಂದೇ ಅಕ್ಷರ. ನಮ್ಮಲ್ಲಿ ಕೆರೆ ನೀರಿನದು, ಕೇರೆ ಹಾವು.

ಕಾಗುಣಿತವನ್ನು ರಾಗವಾಗಿ ಒಪ್ಪಿಸುವ ಮಗುವಿಗೆ ನಡುವಿನ ‘ಮು’ ತೋರಿಸು. ‘ಮ’ದಿಂದ ಮತ್ತೆ ಹೇಳಿಕೊಂಡು ಬರುತ್ತದೆ. ತಲಕಟ್ಟು, ಇಳಿ, ಕೊಂಬು ಎಂಬ ಹೆಸರುಗಳು ಬಂದಿವೆ, ದನಿ ಬಂದಿಲ್ಲ. ‘ಮ್’ ಎಂದು ತುಟಿ ಮುಚ್ಚಿಸಿ, ಹಾಗೆಯೇ ‘ಉ’ ಸೇರಿಸಿ ನುಡಿಸು.

ಎಲ್ಲಕ್ಕಿಂತ ತೊಡಕು ಅರ್ಕಾವೊತ್ತಿನದು. ‘ಸೂರ್ಯ’ ಎನ್ನುವಾಗ ರಕಾರ ಮೊದಲು ಕೇಳುತ್ತದೆ, ಬರೆಯುವಾಗ ಯಕಾರದ ಬಲಕ್ಕೆ ಕೂರುತ್ತದೆ. ಕಣ್ಣು ಮುಂದೆ ಹೋಗಿದೆ, ನಾಲಿಗೆ ಹಿಂದೆ ಬರಬೇಕು. ಇದನ್ನು ಬಿಡಿಸಿ ಹೇಳದೆ, ‘ಸೂಯ್ರ’ ಎಂದ ಕೂಸನ್ನು ಗದರಿಸುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಇನ್ನು ಸೊನ್ನೆ. ಅಂಗಿ, ಅಂಚು, ಅಂಡೆ, ಅಂದ, ಅಂಬು: ಗುರುತು ಒಂದೇ, ಮುಂದಿನ ಅಕ್ಷರಕ್ಕೆ ತಕ್ಕಂತೆ ದನಿ ಐದು. ನಿಧಾನವಾಗಿ ಹೇಳಿಕೊಂಡು, ನಾಲಿಗೆ ಎಲ್ಲೆಲ್ಲಿ ತಾಗುತ್ತದೆಂದು ನೀನೇ ನೋಡು.

ಅ ಆ ಇ ಈ ಎಂದೇ ಶುರುಮಾಡಬೇಕೆಂದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ನಲಿಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ, ಗರಗಸ ಓದಲು ಬರುತ್ತದೆ. ವರ್ಗೀಯ ವ್ಯಂಜನಗಳ ಸಾಲು ದನಿ ಹುಟ್ಟುವ ಜಾಗವನ್ನು ಹಿಡಿದು ಹೊರಟದ್ದು, ಗಂಟಲಿನಿಂದ ತುಟಿಯವರೆಗೆ. ಅದು ನಿನಗೆ ಬೇಕೇ ಬೇಕು. ಮಗುವಿಗೆ ಮೊದಲು ಬೇಕಾದದ್ದು ತಾನೇ ಒಂದು ಪದ ಓದಿದ ಸಂತೋಷ.

ಮುಂದಿನ ಅಭ್ಯಾಸ ಪಾಠಕ್ಕೆ ಅರ್ಕಾವೊತ್ತನ್ನೇ ತಗೋ. ಮಕ್ಕಳು ಎಲ್ಲಿ ತಡವರಿಸಿದರು, ಏನೆಂದು ಓದಿದರು, ಅವರ ಬಾಯಿಂದ ಬಂದ ಹಾಗೆಯೇ ಬರೆದು ಕಳಿಸು. ದೊಡ್ಡಮ್ಮ ಶೇಂಗಾ ಚಟ್ನಿ ಕುಟ್ಟಿಟ್ಟಿದ್ದಾಳೆ. ಪುಣೆಗೆ ಬರುವವರ ಕೈಲಿ ಕೊಟ್ಟು ಕಳಿಸುತ್ತೇನೆ.

ನಿನ್ನ ದೊಡ್ಡಪ್ಪ